ಎರಡನೆಯ ಗಾಡಿಯ ಹೊಗೆ

ಅಂಕಿಗಳು ತೀರಾ ಚೆನ್ನಾಗಿ ಬಂದರೆ ಅಳೆಯುವವರಿಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಯ ಮೇಲಿನ ಗೆರೆ ಹೇಗೆ ಅಂದುಕೊಂಡಿದ್ದೆನೋ ಹಾಗೆಯೇ ಮಟ್ಟಸವಾಗಿ ಹೋಗುವುದನ್ನು ನೋಡಿ ಒಬ್ಬಳೇ ಖುಷಿಪಡುತ್ತಿದ್ದೆ. ನನ್ನ ಸಿಡುಕು ಸ್ವಭಾವ ಬಲ್ಲ ಸಹೋದ್ಯೋಗಿಗಳು, ಈಚೆಗೆ ಮೇಡಂ ನಗುತ್ತಿದ್ದಾರೆ ಎಂದು ಚೇಷ್ಟೆ ಮಾಡುವಷ್ಟು ಆಗಿತ್ತು.

ನಾನು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂಜಿನ್ನುಗಳ ಪಾಠ ಮಾಡುತ್ತೇನೆ. ಆ ವರ್ಷ ನಮ್ಮ ವಿಭಾಗಕ್ಕೆ ಒಂದು ಕೆಲಸ ಬಂದಿತ್ತು. ಹೊಸದಾಗಿ ಮಾರಾಟವಾಗುವ ಸಣ್ಣ ಸರಕು ಗಾಡಿಗಳು ಒಂದು ಕಿಲೋಮೀಟರಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡಬಹುದು ಎಂಬುದಕ್ಕೆ ಮಿತಿ ಹಾಕುವ ಯೋಚನೆ ಮೇಲಿನವರಿಗಿತ್ತು. ಕಾರುಗಳಿಗೆ ಅಂಥ ಲೆಕ್ಕ ಆಗಲೇ ಇದೆ. ನಮ್ಮ ರಸ್ತೆಗಳಲ್ಲಿ ದ್ರಾಕ್ಷಿ, ಲಿಂಬೆ, ಕುರಿ, ಸಿಮೆಂಟು ಎಲ್ಲವನ್ನೂ ಹೊರುವ ಈ ಗಾಡಿಗಳಿಗೆ ಇರಲಿಲ್ಲ. ಕಾರ್ಖಾನೆಯವರು ಗಾಡಿಯನ್ನು ಕೋಣೆಯೊಳಗೆ ರೋಲರುಗಳ ಮೇಲೆ ನಿಲ್ಲಿಸಿ, ಹಗುರವಾದ ಭಾರವನ್ನು ಲೆಕ್ಕಕ್ಕೆ ಹಿಡಿದು, ಓಡಿಸಿ ಒಂದು ಅಂಕಿ ಬರೆಯುತ್ತಾರೆ. ಅದೇ ಗಾಡಿ ರಸ್ತೆಗಿಳಿದರೆ ಎಷ್ಟು ಬಿಡುತ್ತದೆ, ಎರಡರ ನಡುವಿನ ಅಂತರ ಎಷ್ಟು ಎಂದು ಬೇರೆ ಬೇರೆ ಊರುಗಳಲ್ಲಿ ಅಳೆಯಬೇಕಿತ್ತು. ಅಂತರ ದೊಡ್ಡದಿದ್ದರೆ ಮಿತಿಯನ್ನು ಬಿಗಿ ಮಾಡುತ್ತಾರೆ, ಕಂಪನಿಗಳು ಇನ್ನೂ ಒಳ್ಳೆಯ ಗಾಡಿ ಮಾಡಬೇಕಾಗುತ್ತದೆ. ಅಂತರ ಚಿಕ್ಕದಿದ್ದರೆ ಎಲ್ಲರೂ ಈಗಿದ್ದ ಹಾಗೆಯೇ ಇರಬಹುದು. ನಮ್ಮ ಭಾಗಕ್ಕೆ ಬಂದದ್ದು ತಿಕೋಟಾ ಮತ್ತು ಬಬಲೇಶ್ವರದ ರಸ್ತೆಗಳು.

ಗಾಡಿಗಳನ್ನು ಆರಿಸಿಕೊಟ್ಟದ್ದು ಅವುಗಳನ್ನು ತಯಾರಿಸುವ ಕಂಪನಿಯ ಕ್ಷೇತ್ರ ಇಂಜಿನಿಯರ್, ಮೈಸೂರು ಕಡೆಯ ಸೌಮ್ಯ ಮನುಷ್ಯ. ಕಳೆದ ಕೆಲವು ತಿಂಗಳಲ್ಲಿ ಮಾರಾಟವಾದ ಒಂದೇ ಮಾದರಿಯ ಹೊಸ ಗಾಡಿಗಳು. ಒಂದು ಜೈನಾಪುರದ್ದು, ಒಂದು ಕನಮಡಿಯದು, ಉಳಿದವು ತಿಕೋಟಾದ ಸುತ್ತಮುತ್ತಲಿನವು. ಕಂಪನಿಯೊಂದಿಗಿನ ಒಪ್ಪಂದದ ಪ್ರಕಾರ ಪ್ರತಿ ಓಟದ ಜೊತೆ ಗಾಡಿಯ ಚಾಸಿ ನಂಬರು ಬರೆಯಬೇಕು, ಒಂದು ಪ್ರತಿ ಕಂಪನಿಗೂ ಹೋಗಬೇಕು. ಆಗ ಈ ಷರತ್ತು ನನಗೆ ಸಹಜವಾಗಿಯೇ ಕಂಡಿತು. ನಂಬರಿಲ್ಲದ ಗಾಡಿಯ ಅಂಕಿಯನ್ನು ಯಾರು ನಂಬುತ್ತಾರೆ?

ಮೊದಲು ಹೋದದ್ದು ಜೈನಾಪುರಕ್ಕೆ. ಗಾಡಿಯ ಮಾಲೀಕನಿಗೆ ಮೂವತ್ತೈದರ ಆಸುಪಾಸು. ಅವರದು ಕುರಿ ಕಾಯುತ್ತಿದ್ದ ಮನೆತನ. ಅಣ್ಣಂದಿರು ಈಗಲೂ ಕುರಿ ಹಿಂದೆ ಹೋಗುತ್ತಾರೆ, ಇವನು ಮಾತ್ರ ಗಾಡಿ ಹಿಡಿದಿದ್ದ. ನಾನು ಎಷ್ಟು ಹೇಳಿದರೂ ಅವನು ನನ್ನ ಕೆಲಸವನ್ನು ಪೆಟ್ರೋಲ್ ಪಂಪಿನ ಹೊಗೆ ತಪಾಸಣೆಯ ದೊಡ್ಡಣ್ಣ ಎಂದೇ ತಿಳಿದ.

"ಕಾಣೂ ಹೊಗಿ ಅಲ್ಲ ಇದು, ಕಾಣಲಾರದ್ದು," ಎಂದೆ. "ಒಂದು ಲೀಟರ್ ಡೀಸೆಲ್ ಉರಿದ್ರ ಎರಡೂವರಿ ಕೆಜಿಗಿಂತ ಜಾಸ್ತಿ ಹೊರಗ ಬರ್ತೈತಿ."

"ಒಂದು ಲೀಟರ್ ಎಣ್ಣಿ ಒಂದು ಕೆಜಿನೂ ತೂಗಂಗಿಲ್ಲಲ್ರಿ. ಎರಡೂವರಿ ಎಲ್ಲಿಂದ ಬಂತು?"

"ಉಳಿದದ್ದು ಗಾಳ್ಯಾಗಿಂದು ಕೂಡಿಕೋತೈತಿ."

"ಅಂದ್ರ ನನ್ನ ಗಾಡಿ ಊರ ಗಾಳಿ ತಿಂದು ಮೈ ಬೆಳಸಾಕತ್ತೈತಿ ಅನ್ರಿ," ಎಂದ ಅವನು. ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ನಕ್ಕಳು.

ಈ ಮಿತಿ ಕಂಪನಿಗೆ, ನಿಮಗಲ್ಲ. ದಂಡ ಬಿದ್ದರೂ ಅವರಿಗೇ ಎಂದು ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಆದರೆ ಅವನ ಮನಸ್ಸು ಬೇರೆಲ್ಲೋ ಇತ್ತು. ಗಾಡಿ ತಂದು ಒಂದು ವರ್ಷವೂ ಆಗಿರಲಿಲ್ಲ, ಮೂರನೆಯ ಗೇರು ಏರಿನಲ್ಲಿ ತಾನಾಗಿಯೇ ಜಾರಿಬಿಡುತ್ತಿತ್ತು. ಗೇರ್‌ಬಾಕ್ಸ್ ಬದಲಿಸಿಕೊಡಿ ಎಂದು ಗ್ಯಾರಂಟಿಯ ಮೇಲೆ ಅರ್ಜಿ ಹಾಕಿದ್ದ. ಅದನ್ನು ನೋಡಿ ಹೂಂ ಅಥವಾ ಊಹೂಂ ಅನ್ನಬೇಕಾದವರು ಅದೇ ಮೈಸೂರು ಕಡೆಯ ಇಂಜಿನಿಯರ್. ಅವರು ಊಹೂಂ ಎಂದರೆ ಗಾಡಿ ನಿಂತ ಹಾಗೆಯೇ. ದ್ರಾಕ್ಷಿ ಹಂಗಾಮಿನಲ್ಲಿ ನಿಂತ ಗಾಡಿಗೆ ಮುಂದಿನ ವರ್ಷ ಯಾರೂ ಮಾಲು ಕೊಡುವುದಿಲ್ಲ. ಅಷ್ಟರಲ್ಲಿ ಮಾಲು ಇನ್ನೊಬ್ಬನ ಕೈಗೆ ಹೋಗಿರುತ್ತದೆ.

ಗಾಡಿಯ ಹಿಂದೆ ಬಗ್ಗಿ ನೋಡಿದೆ. ಹಿಂದಿನ ಗಾಲಿಗಳ ಮೇಲೆ ಭಾರ ತಡೆಯುವ ಸ್ಪ್ರಿಂಗ್ ಕಮಾನಿಗೆ ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನ ಪಟ್ಟಿಗಳಿದ್ದವು, ಬದಿಯ ಹಲಗೆಗಳು ಮೊಳಕ್ಕಿಂತ ಹೆಚ್ಚು ಎತ್ತರವಾಗಿದ್ದವು. ನಮ್ಮ ಕಡೆ ಇದರಲ್ಲಿ ಅಚ್ಚರಿಯೇನಿಲ್ಲ. ಷೋರೂಮಿನಿಂದ ಹೊರಬಿದ್ದ ಹೊಸ ಗಾಡಿ ಮನೆಗೆ ಬರುವ ಮುಂಚೆ ಬಾಡಿ ಕಟ್ಟುವ ಮೇಸ್ತ್ರಿಯ ಅಂಗಳ ಮೆಟ್ಟಿಯೇ ಬರುತ್ತದೆ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಹೇರುವುದೂ ಗೊತ್ತಿದ್ದದ್ದೇ. ನನಗೆ ಬೇಕಾಗಿದ್ದದ್ದೂ ಅದೇ. ನಿಜವಾದ ರಸ್ತೆ, ನಿಜವಾದ ಭಾರ.

ಕೆಲಸದ ಕ್ರಮ ಹೀಗಿತ್ತು. ಅಳೆಯುವ ಪೆಟ್ಟಿಗೆ ಗಾಡಿಯ ತೊಟ್ಟಿಯಲ್ಲಿ ಮುಂಭಾಗಕ್ಕೆ. ಅದರ ತೂಕವೇ ಒಬ್ಬ ಗಟ್ಟಿ ಆಳಿನಷ್ಟು. ಸೈಲೆನ್ಸರಿನ ಬಾಯಿಗೆ ಕೊಳವೆ ಬಿಗಿದು, ಅದರಲ್ಲಿ ಹರಿಯುವ ಗಾಳಿಯ ಪ್ರಮಾಣವನ್ನೂ ಅದರೊಳಗಿನ ಡೈಆಕ್ಸೈಡನ್ನೂ ಕ್ಷಣಕ್ಷಣಕ್ಕೆ ದಾಖಲಿಸಬೇಕು. ಹೊರಡುವ ಮುಂಚೆ ಅಳತೆ ಗೊತ್ತಿರುವ ಅನಿಲವನ್ನು ಸಿಲಿಂಡರಿನಿಂದ ಬಿಟ್ಟು ಯಂತ್ರ ಸರಿ ಹೇಳುತ್ತದೆಯೇ ಎಂದು ನೋಡಬೇಕು. ಮುಗಿದ ಮೇಲೆ ಮತ್ತೊಮ್ಮೆ. ಗಾಡಿ ತೂಗುವ ಕಾಟಾದ ಮೇಲೆ ಹತ್ತಿಸಿ ಚೀಟಿ ಪಡೆಯಬೇಕು. ಟ್ಯಾಂಕನ್ನು ಒಂದೇ ಪಂಪಿನಲ್ಲಿ ಕುತ್ತಿಗೆಯವರೆಗೆ ತುಂಬಿಸಿ, ಓಟ ಮುಗಿದ ಮೇಲೆ ಮತ್ತೆ ಅಷ್ಟೇ ತುಂಬಿಸಿ, ಉರಿದ ಎಣ್ಣೆಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆ ಹಾಕಬೇಕು. ಎಣ್ಣೆಯೊಳಗಿನ ಇಂಗಾಲ ಎಲ್ಲಿಗೂ ಓಡಿಹೋಗುವುದಿಲ್ಲ. ಒಳಗೆ ಹೋದದ್ದು ಹೊರಗೆ ಬರಲೇಬೇಕು. ಆ ಲೆಕ್ಕದ ಮೇಲೆ ನನಗೆ ಗಂಡನ ಮಾತಿಗಿಂತ ಹೆಚ್ಚು ನಂಬಿಕೆ.

ಮೊದಮೊದಲು ಎಲ್ಲ ಕೆಟ್ಟಿತು. ಬಬಲೇಶ್ವರದಿಂದ ತಿಕೋಟಾದ ಕಡೆಗೆ ಹೋಗುವ ದಾರಿಯ ಕರಿಮಣ್ಣಿನ ಧೂಳು ಸೋಸುವ ಜಾಳಿಗೆಯಲ್ಲಿ ತುಂಬಿಕೊಂಡು ಯಂತ್ರ ಉಸಿರುಕಟ್ಟಿತು. ಹಳೆಯ ಸೀರೆಯ ತುಂಡು ಸುತ್ತಿ ಅದಕ್ಕೊಂದು ದಾರಿ ಮಾಡಿದೆ. ಆಮೇಲೆ ಬಿಸಿಲು. ಮಧ್ಯಾಹ್ನ ತೊಟ್ಟಿಯ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಪೆಟ್ಟಿಗೆ ಕಾಯ್ದು ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಜೈನಾಪುರದವನು ಮನೆಯಿಂದ ಕಂಬಳಿ ತಂದು ನೀರಿನಲ್ಲಿ ಅದ್ದಿ ಚಪ್ಪರದ ಹಾಗೆ ಕಟ್ಟಿದ. "ಮರಿ ಹಾಕಿದ ಕುರಿಗೆ ಹಿಂಗ ನೆರಳು ಮಾಡ್ತೇವ್ರಿ," ಎಂದ. ಯಂತ್ರ ಸುಮ್ಮನೆ ಕೆಲಸ ಮಾಡಿತು.

ನಂತರ ಅಂಕಿಗಳು ಬರತೊಡಗಿದವು. ಜೈನಾಪುರದ ತೋಟಗಳ ದ್ರಾಕ್ಷಿಯನ್ನು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ ತಿಕೋಟಾದ ಹತ್ತಿರ ನಮ್ಮ ಕಡೆ ಮನೂಕ ಎನ್ನುವ ಒಣದ್ರಾಕ್ಷಿಯನ್ನು ಮಾಡುವ ಶೆಡ್ಡಿಗೆ ಒಯ್ಯುವುದು, ಅಲ್ಲಿಂದ ಒಣಗಿದ ಮಾಲಿನ ಡಬ್ಬಿಗಳನ್ನು ನಗರದ ಶೀತಗೃಹಕ್ಕೆ ಮುಟ್ಟಿಸುವುದು ಅವನ ದಿನದ ಓಟ. ಕಾಟಾ ಚೀಟಿ ನೋಡಿದರೆ ಭಾರ ಕಾನೂನಿನೊಳಗೇ ಇರುತ್ತಿತ್ತು, ಒಂದೂವರೆ ಟನ್ನಿಗೆ ಅತ್ತಿತ್ತ. ಕನಮಡಿಯ ಗಾಡಿಯದೂ ಹಾಗೆಯೇ, ತಿಕೋಟಾದವೂ ಹಾಗೆಯೇ. ಜನ ಸುಧಾರಿಸಿದ್ದಾರೆ ಎಂದುಕೊಂಡೆ. ರಸ್ತೆಯ ಅಂಕಿ ಕಾರ್ಖಾನೆಯ ಅಂಕಿಗಿಂತ ತುಸು ಮಾತ್ರ ಮೇಲಿತ್ತು. ಕಂಪನಿಯ ಇಂಜಿನಿಯರ್ ಫೋನಿನಲ್ಲಿ, "ತುಂಬಾ ಸ್ವಚ್ಛವಾದ ದತ್ತಾಂಶ ಮೇಡಂ, ನಿಮ್ಮ ಊರಿನವರು ಶಿಸ್ತಿನವರು," ಎಂದರು. ನಾನು ಹಿಗ್ಗಿದೆ.

ಅದು ಬಯಲಾದದ್ದು ಯಂತ್ರ ಕೆಟ್ಟ ದಿನ. ಕಂಬಳಿ ಇದ್ದರೂ ಪೆಟ್ಟಿಗೆ ಆರಿಹೋಗಿ, ಶೆಡ್ಡಿನ ಅಂಗಳದಲ್ಲಿ ಅದು ತಣಿಯುವವರೆಗೆ ಕಾಯಬೇಕಾಯಿತು. ಸಾಮಾನ್ಯವಾಗಿ ಮಾಲು ಇಳಿಸಿದ ಕೂಡಲೇ ಹೊರಟುಬಿಡುತ್ತಿದ್ದೆವು. ಅವತ್ತು ನಾನು ಚಹಾ ಕುಡಿಯುತ್ತಾ ಕೂತಿದ್ದಾಗ ಒಂದು ಹಳೆಯ ಗಾಡಿ ಕಪ್ಪು ಹೊಗೆ ಬಿಡುತ್ತಾ ಗೇಟಿನೊಳಗೆ ಬಂತು. ತೊಟ್ಟಿಯಲ್ಲಿ ಅರ್ಧದಷ್ಟು ದ್ರಾಕ್ಷಿ ಕ್ರೇಟುಗಳು. ನನ್ನನ್ನು ಕಂಡದ್ದೇ ಅದರ ಚಾಲಕ ಗಾಡಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದ. ಜೈನಾಪುರದವನು ಬೇರೆ ಕಡೆ ಮುಖ ಮಾಡಿಕೊಂಡು ಟಯರು ಒದೆಯುತ್ತಾ ನಿಂತ.

ಶೆಡ್ಡಿನ ಒಡತಿ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ದ್ರಾಕ್ಷಿಯನ್ನು ಒಣಹಾಕುವ ಮುಂಚೆ ಅದ್ದುವ ದ್ರಾವಣ ಅವಳೇ ಕಲಸುವುದು, ಕೈಯೆಲ್ಲ ಒದ್ದೆ.

"ಮೇಡಂ, ನಿಮ್ಮ ಪರೀಕ್ಷೆ ಎಂದ ಮುಗಿತೈತ್ರಿ?" ಎಂದು ನೇರವಾಗಿ ಕೇಳಿದಳು. "ಒಂದು ಗಾಡಿ ಮಾಲು ಎರಡು ಗಾಡ್ಯಾಗ ಬರಾಕತ್ತೈತಿ. ಮೊದಲಿನ ಮಾಲು ಅದ್ದಿ ಮುಗಿಸಿ ಹೆಣ್ಣಮಕ್ಕಳು ಖಾಲಿ ಕುಂದರ್ತಾರ. ಹಿಂದಿನ ಗಾಡಿ ಬರೂದರಾಗ ಅದ್ದೂ ನೀರು ಕೆಟ್ಟಿರ್ತೈತಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚಹಾದ ಲೋಟವನ್ನು ಕೆಳಗಿಟ್ಟೆ. ಇಷ್ಟು ದಿನ ನಾನು ಹತ್ತಿದ ಪ್ರತಿ ಓಟದ ಹಿಂದೆ ಈ ಹಳೆಯ ಗಾಡಿ ಉಳಿದ ಮಾಲು ಹೊತ್ತುಕೊಂಡು ಬಂದಿದೆ. ನನ್ನ ಪರದೆಯ ಮೇಲೆ ಹೊಗೆ ಕಡಿಮೆಯಾದಷ್ಟೂ ರಸ್ತೆಯ ಮೇಲೆ ಹೆಚ್ಚಾಗಿತ್ತು. ಹೊಗೆ ಕಡಿಮೆ ಮಾಡುವ ನಿಯಮಕ್ಕೆ ಅಂಕಿ ಹುಡುಕಲು ಹೋದವಳು ಒಂದರ ಬದಲು ಎರಡು ಗಾಡಿ ಓಡುವ ಹಾಗೆ ಮಾಡಿದ್ದೆ.

ಜೈನಾಪುರಕ್ಕೆ ವಾಪಸ್ ಬಂದೆವು. ಮನೆಯ ಮುಂದೆ ಇಳಿದ ಮೇಲೆ ಕೇಳಿದೆ, ದನಿ ಏರಿಸಿಯೇ ಕೇಳಿದೆ. ಉತ್ತರ ಕೊಟ್ಟವಳು ತಾಯಿ.

"ಅವಂದೇನ ತಪ್ಪೈತಿ ಯವ್ವಾ? ಪರೀಕ್ಷಾಕ ಹಚ್ಚಿದ ಗಾಡಿ ನಾಪಾಸ ಆದ್ರ ಊರ ಮರ್ಯಾದಿ ಹೋಗಂಗಿಲ್ಲೇನು? ಆ ಹಳೇ ಗಾಡಿಯವರು ಇವನ ಮಾಲು ಮುಯ್ಯಕ್ಕ ಹೊತ್ತಾರ. ನಾಳಿ ಅವರ ಪಾಳಿ ಬಂದಾಗ ಇವ ಹೊರತಾನ."

ಮುಯ್ಯ ಎಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸ. ಕಳೆ ತೆಗೆಯಲು, ರಾಶಿ ಮಾಡಲು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುತ್ತಾರೆ. ಅವರ ಸರದಿ ಬಂದಾಗ ಇವರು ಹೋಗಿ ತೀರಿಸುತ್ತಾರೆ. ಅದನ್ನೇ ಗಾಡಿಗೂ ಹಚ್ಚಿದ್ದರು. ತಿಕೋಟಾಕ್ಕೂ ಕನಮಡಿಗೂ ಫೋನು ಹೋಗಿತ್ತು. ಎಲ್ಲರೂ ತಮ್ಮ ತಮ್ಮಲ್ಲಿ ಮುಯ್ಯದ ಗಾಡಿ ಗೊತ್ತು ಮಾಡಿಕೊಂಡಿದ್ದರು. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಕಾಟಾ ಚೀಟಿಗಳು ನೂರಕ್ಕೆ ನೂರು ಖರೆ. ಅದು ಇನ್ನೂ ಸಿಟ್ಟು ತರಿಸಿತು. ಯಾರ ಮೇಲೆ ಸಿಟ್ಟಾಗಬೇಕು ಎಂದು ತಿಳಿಯದ ಸಿಟ್ಟು ಬಲು ಕೆಟ್ಟದ್ದು.

"ನಾಳಿಂದ ದಿನಾ ಹೇರೂ ಅಷ್ಟ ಹೇರು. ಅದನ್ನ ಅಳೀತೀನಿ," ಎಂದೆ.

ಆಗ ಅವನು ಬಾಯಿ ಬಿಟ್ಟ. "ಆಗಂಗಿಲ್ರಿ ಮೇಡಂ. ಎರಡೂವರಿ ಟನ್ನು ಹೇರಿದ್ದು ಕಾಗದದಾಗ ಬಂದ್ರ ಗೇರ್‌ಬಾಕ್ಸ್ ಬರಂಗಿಲ್ಲ. ಗಾಡಿ ನಂಬರ್ ಹಚ್ಚಿ ಕಂಪನಿಗೆ ಕಳಸ್ತೀರಿ ಅಲ್ರಿ ನೀವು. ನಾ ಕೇಳಿನಿ."

"ನಂಬರ್ ಬರೀಲಿಲ್ಲ ಅಂದ್ರ?"

"ನೀವು ಬರೀಲಾರದ ಬಿಡ್ತೀರೇನ್ರಿ?"



ಮರುದಿನ ವಿಭಾಗದ ಮುಖ್ಯಸ್ಥರ ಮುಂದೆ ಕೂತೆ. ಅವರು ಇದೇ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತಿಯೊಳಗೆ ಒಂದು ಒಳ್ಳೆಯ ಪ್ರಯೋಗಾಲಯ ಕಟ್ಟಬೇಕೆಂಬ ಹಂಬಲ ಇದ್ದವರು. ಕಂಪನಿಯ ಸ್ನೇಹ ಅವರಿಗೆ ಬೇಕಾಗಿತ್ತು. ಅದನ್ನು ನಾನು ತಪ್ಪೆನ್ನಲಾರೆ. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ಕಾಟಾ ಚೀಟಿ ಖರೇ ಅದಾವ. ಯಂತ್ರ ಖರೇ ಹೇಳೈತಿ. ಭಾರ ಕಾಯದೆದೊಳಗ ಐತಿ. ಇದರಾಗ ಸುಳ್ಳ ಯಾವುದ್ರಿ?"

"ಎಲ್ಲಾ ಖರೇ ಐತಿ ಸರ್. ಕೂಡಿಸಿದ್ರ ಸುಳ್ಳಾಗತೈತಿ."

"ಹಂಗಾದ್ರ ಅವನ ಗಾಡಿಗೆ ಖರೇ ಮಾಲು ಹೇರಿ ಅಳೀರಿ. ಮಾಡಿದ್ದು ಉಣ್ತಾನ."

ಅದು ತಾರ್ಕಿಕವಾಗಿ ಸರಿಯಾದ ಮಾತು. ಹೆಚ್ಚು ಹೇರುವುದು ತಪ್ಪು, ಪಟ್ಟಿ ಸೇರಿಸುವುದು ತಪ್ಪು, ಆ ತಪ್ಪಿನಿಂದಲೇ ಗೇರು ಹಾಳಾಗಿರಬಹುದು. ಆದರೆ ನಾನು ಅವನ ಗಾಡಿಯೊಳಗೆ ಕೂತದ್ದು ಅವನ ತಪ್ಪು ಹಿಡಿಯಲಿಕ್ಕಲ್ಲ. ಮಿತಿ ಕಂಪನಿಗೆ, ನಿಮಗಲ್ಲ ಎಂದು ನಾನೇ ಅವನ ತಾಯಿಯ ಮುಂದೆ ಹೇಳಿದ್ದೆ. ಆ ಮಾತು ನಂಬಿ ಅವನು ಬಾಗಿಲು ತೆಗೆದಿದ್ದ. ಈಗ ನಿಜವಾದ ಅಂಕಿ ಬರೆದರೆ ಅವನ ಗಾಡಿ ನಿಲ್ಲುತ್ತದೆ. ಬರೆಯದಿದ್ದರೆ ದೇಶಕ್ಕೆಲ್ಲ ಹಚ್ಚುವ ನಿಯಮವೊಂದು ನಮ್ಮೂರಿನ ಸೌಜನ್ಯದ ಮೇಲೆ ನಿಲ್ಲುತ್ತದೆ.  

ದಾರಿ ಕಂಡದ್ದು ಕಾಲೇಜಿನ ಹಾಸ್ಟೆಲ್ಲಿನ ಹಿಂದೆ. ಅಡುಗೆಮನೆಗೆ ಉಳ್ಳಾಗಡ್ಡಿ, ಅಕ್ಕಿ ತರಲು ಅದೇ ವರ್ಷ ಕೊಂಡ ಗಾಡಿಯೊಂದು ಅಲ್ಲಿ ನಿಂತಿರುತ್ತಿತ್ತು. ಅದೇ ಕಂಪನಿ, ಅದೇ ಮಾದರಿ, ಅದೇ ಎಂಜಿನ್. ನಂಬರು ಕಾಲೇಜಿನ ಹೆಸರಿನಲ್ಲಿ. ಇದರ ಗ್ಯಾರಂಟಿ ಹೋದರೆ ಯಾರ ಒಲೆಯೂ ಆರುವುದಿಲ್ಲ. ಮುಖ್ಯಸ್ಥರನ್ನು ಕೇಳಿದೆ. ಅವರು, "ಏನಾದ್ರೂ ಆದ್ರ ನಿಮ್ಮ ಹೆಸರಮ್ಯಾಲ ಬರ್ತೈತಿ ನೋಡ್ರಿ," ಎಂದರು. ಬರಲಿ ಎಂದೆ.

ಗಾಡಿಯನ್ನು ನಗರದ ಬಾಡಿ ಕಟ್ಟುವ ಮೇಸ್ತ್ರಿಯ ಬಳಿ ಒಯ್ದೆ. ಎಲ್ಲರಿಗೂ ಮಾಡುವ ಹಾಗೆ ಮಾಡು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದೆ. ಅವನು ಎಷ್ಟು ಪಟ್ಟಿ ಎಂದು ಕೇಳಲೂ ಇಲ್ಲ. ಸಂಜೆಯೊಳಗೆ ಕಮಾನು ದಪ್ಪವಾಯಿತು, ಹಲಗೆ ಏರಿತು, ಕ್ಯಾಬಿನ್ನಿನ ಮೇಲೆ ಕಬ್ಬಿಣದ ಜಾಳಿಗೆ ಕೂತಿತು. ಕಾಲೇಜಿನ ಚಾಲಕನ ಲೈಸೆನ್ಸಿಗೆ ಕುತ್ತು ಬರಬಾರದೆಂದು ಗಾಡಿ ನಾನೇ ಓಡಿಸುವುದೆಂದು ನಿರ್ಧರಿಸಿದೆ.

ಮಾಲು ಕೊಟ್ಟವಳು ಶೆಡ್ಡಿನ ಒಡತಿ. ನಗರದ ಶೀತಗೃಹಕ್ಕೆ ಹೋಗಬೇಕಾದ ಒಣದ್ರಾಕ್ಷಿಯ ಡಬ್ಬಿಗಳನ್ನು ಅವಳ ಹೆಣ್ಣಾಳುಗಳು ಹಲಗೆಯ ಮೇಲಕ್ಕೆ ಬರುವವರೆಗೆ ಒಟ್ಟಿದರು. "ಒಂದ ಗಾಡ್ಯಾಗ ಹೊಂಟಿತಲ್ಲ, ಸಾಕು ತಾಯಿ," ಎಂದಳು ಅವಳು. ಕಾಟಾದ ಮೇಲೆ ಹತ್ತಿಸಿದಾಗ ಅಲ್ಲಿದ್ದವನು ಚೀಟಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

ಹೊರಟ ಮೇಲೆ ಹೆದರಿಕೆ ಶುರುವಾಯಿತು. ಸ್ಟೀರಿಂಗ್ ಕೈಯಲ್ಲಿ ಹಗುರವಾಗಿ ತೇಲುತ್ತಿತ್ತು, ಮುಂದಿನ ಗಾಲಿಗಳು ನೆಲ ಹಿಡಿದಿವೆಯೋ ಇಲ್ಲವೋ ಅನ್ನುವ ಹಾಗೆ. ಬ್ರೇಕು ಒತ್ತಿದರೆ ಗಾಡಿ ತನಗೆ ಮನಸ್ಸು ಬಂದಾಗ ನಿಲ್ಲುತ್ತಿತ್ತು. ಸಣ್ಣ ಏರಿಗೂ ಎರಡನೆಯ ಗೇರಿಗೆ ಬರಬೇಕು. ಎಂಜಿನ್ ಒರಲುತ್ತಿತ್ತು, ಪಕ್ಕದ ಸೀಟಿನ ಮೇಲಿದ್ದ ಪರದೆಯಲ್ಲಿ ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ಇಷ್ಟು ವರ್ಷ ಎಂಜಿನ್ನಿನ ಪಾಠ ಮಾಡಿದ ನನಗೆ, ಈ ಗಾಡಿಗಳ ಚಾಲಕರು ದಿನವಿಡೀ ಎಂಥ ಭಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ ಎಂಬುದು ಆಗಲೇ ತಿಳಿದದ್ದು. ಹಾಗೆಯೇ ಮೂರು ಓಟ ಮುಗಿಸಬೇಕಿತ್ತು, ಒಂದು ಓಟದ ಅಂಕಿಯನ್ನು ಯಾರೂ ಒಪ್ಪುವುದಿಲ್ಲ.

ಮೂರನೆಯ ಓಟದಲ್ಲಿ ತೊರವಿ ದಾಟುವಾಗ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದರು.

"ಕಾಲೇಜಿನ ಗಾಡಿ, ಮೇಡಂ ಡ್ರೈವರ್, ಮ್ಯಾಲ ಡಬ್ಬಿ, ಹಿಂದ ಪೈಪು. ಏನ್ ನಡದೈತ್ರಿ ಇದು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗಲ್ಲ ಕೆರೆದುಕೊಂಡರು.

"ಅಂದ್ರ ನಾ ದಂಡ ಹಾಕಿದ್ರ ನಿಮಗ ಚಲೋ ಅನ್ರಿ."

"ಹೌದ್ರಿ. ತೂಕ ಮಾತ್ರ ಸರಿಯಾಗಿ ಬರೀರಿ."

ಬರೆದರು. ಹೆಚ್ಚಿನ ಡಬ್ಬಿಗಳನ್ನು ಅಲ್ಲೇ ಇಳಿಸಿಯೇ ಮುಂದೆ ಹೋಗಬೇಕು ಎಂದರು, ಅದೂ ಸರಿಯೇ. ರಸ್ತೆಯ ಬದಿಗೆ ಡಬ್ಬಿ ಒಟ್ಟಿಕೊಂಡು, ಶೆಡ್ಡಿನವಳು ಬೇರೆ ಗಾಡಿ ಕಳಿಸುವವರೆಗೆ ಬಿಸಿಲಿನಲ್ಲಿ ಕಾಯುತ್ತಾ ಕೂತೆ. ಪರಿಚಯದವರೊಬ್ಬರು ಬೈಕು ನಿಲ್ಲಿಸಿ, ಮನೂಕದ ವ್ಯಾಪಾರ ಯಾವಾಗ ಸುರು ಮಾಡಿದ್ರಿ ಎಂದು ಕೇಳಿ ಹೋದರು.

ಎಣ್ಣೆಯ ಲೆಕ್ಕವೂ ಯಂತ್ರದ ಲೆಕ್ಕವೂ ತಾಳೆಯಾದವು. ತೊರವಿಯವರೆಗಿನ ಅರ್ಧ ಓಟವೂ ಮೊದಲಿನ ಎರಡರ ಜೊತೆ ಹೊಂದಿತು. ಅಂಕಿ ಕಾರ್ಖಾನೆಯದಕ್ಕಿಂತ ಬಹಳ ಮೇಲಿತ್ತು, ನಾನು ಊಹಿಸಿದ್ದಕ್ಕಿಂತಲೂ ಮೇಲೆ. ವರದಿಯ ಕೋಷ್ಟಕದಲ್ಲಿ ಗಾಡಿಗೊಂದು ಸಾಲಿತ್ತು. ಅದನ್ನು ಕೊನೆಯ ಸಾಲಾಗಿ ಸೇರಿಸಿ, ದಂಡದ ರಸೀದಿಯನ್ನೂ ಲಗತ್ತಿಸಿ, ಮೇಲಿನ ಸಾಲುಗಳು ಇಲ್ಲಿನ ವಾಸ್ತವವನ್ನು ಹೇಳುವುದಿಲ್ಲ ಎಂದು ಬರೆದು ಕಳಿಸಿದೆ.

ಮಿತಿ ಗೊತ್ತುಪಡಿಸುವವರ ಸಭೆ ಕಂಪ್ಯೂಟರಿನ ಪರದೆಯಲ್ಲಿ ನಡೆಯಿತು. ಅಧ್ಯಕ್ಷತೆ ವಹಿಸಿದವರು ಸಭ್ಯರು, ನನ್ನ ವರದಿಯನ್ನು ಪೂರ್ತಿ ಓದಿದ್ದರು. ಕಾರ್ಖಾನೆಗಳ ಪರವಾಗಿದ್ದವರೊಬ್ಬರು, ನಿಯಮ ಇರುವುದು ಹೊಸ ಗಾಡಿಗೆ, ಪಟ್ಟಿ ಸೇರಿಸಿ ಹಲಗೆ ಏರಿಸಿದ ಮೇಲೆ ಅದು ಹೊಸ ಗಾಡಿ ಅಲ್ಲ, ಬದಲಾಯಿಸಿದ ಗಾಡಿ ಎಂದರು. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಹೊಸ ಗಾಡಿ ಓಡುವುದು ಷೋರೂಮಿನ ಗೇಟಿನಿಂದ ಮೇಸ್ತ್ರಿಯ ಅಂಗಳದವರೆಗೆ ಮಾತ್ರ ಎಂದೆ. ಒಂದಿಬ್ಬರು ನಕ್ಕರು. ಅಧ್ಯಕ್ಷರು ನಗದೆ, ಆ ಬದಲಾವಣೆ ಮಾಡಿಸಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು, ನಿಮ್ಮ ಉಳಿದ ಸಾಲುಗಳು ವಾಸ್ತವವಲ್ಲ ಎಂದಿದ್ದೀರಿ, ಯಾವ ಗಾಡಿ ನಿಜವಾಗಿ ಎಷ್ಟು ಹೇರುತ್ತದೆ ಎಂಬುದಕ್ಕೆ ಆಧಾರ ಕೊಡಿ, ಸಾಲುಗಳನ್ನು ಈಗಲೇ ತೆಗೆಯೋಣ ಎಂದರು.

ಪರದೆಯ ಒಂದು ಮೂಲೆಯ ಚೌಕದಲ್ಲಿ ಮೈಸೂರು ಕಡೆಯ ಇಂಜಿನಿಯರ್ ಪೆನ್ನು ಹಿಡಿದುಕೊಂಡು ಕೂತಿದ್ದರು. ಜೈನಾಪುರದ ಅರ್ಜಿ ಇನ್ನೂ ಅವರ ಮೇಜಿನ ಮೇಲಿತ್ತು. ಆಧಾರ ನನ್ನ ಬಾಯಲ್ಲಿತ್ತು. ಒಂದು ಊರಿನ ಹೆಸರು ಹೇಳಿದರೆ ಸಾಕಿತ್ತು.

"ಆಧಾರ ಇಲ್ಲ," ಎಂದೆ.

ಮೇಲಿನ ಸಾಲುಗಳು ಉಳಿದವು. ಕೊನೆಯ ಸಾಲನ್ನು ತೆಗೆದರು. ಅದು ಸರಿಯಾದ ನಿರ್ಧಾರವೇ ಎಂದು ನಾನು ಇವತ್ತಿಗೂ ಹೇಳಲಾರೆ, ನನ್ನದೂ, ಅವರದೂ. ಕಂಪನಿ ಮುಂದಿನ ಕೆಲಸವನ್ನು ಬೇರೆ ಕಾಲೇಜಿಗೆ ಕೊಟ್ಟಿತು. ಪೆಟ್ಟಿಗೆಯನ್ನು ಒಯ್ಯಲು ಬಂದವರು ಅದಕ್ಕೆ ಸುತ್ತಿದ್ದ ಸೀರೆಯ ತುಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ.

ಹಂಗಾಮು ಮುಗಿಯುವ ಹೊತ್ತಿಗೆ ಜೈನಾಪುರದವನು ಕಾಲೇಜಿಗೆ ಬಂದ. ಗೇರ್‌ಬಾಕ್ಸ್ ಬದಲಾಗಿತ್ತು. ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಒಂದು ಕ್ರೇಟು ದ್ರಾಕ್ಷಿ ಹೊತ್ತುಕೊಂಡು ವಿಭಾಗದ ಕಟ್ಟೆಯವರೆಗೆ ನಡೆದು ಬಂದಿದ್ದ. ತಾಯಿ ಕಳಿಸಿದ್ದಂತೆ. ಮೂರನೆಯ ಗೇರು ಈಗ ಹೇಗೆ ಬೀಳುತ್ತದೆ ಎಂಬುದನ್ನು ಕೈಯಿಂದ ಮಾಡಿ ತೋರಿಸಿದ. ನನಗೆ ನಿಜವಾಗಿಯೂ ಸಂತೋಷವಾಯಿತು.

ಆಮೇಲೆ ಅವನು ದನಿ ತಗ್ಗಿಸಿದ. "ಶೆಡ್ಡಿನ ಅಕ್ಕ ಹೇಳಿದಳ್ರಿ. ನಮ್ಮ ಗಾಡಿ ಎಲ್ಲಾ ಪಾಸಾದುವಂತ, ನಿಮ್ಮ ಕಾಲೇಜಿನ ಗಾಡಿ ನಾಪಾಸಾತಂತ."

"ಹೌದು," ಎಂದೆ.

"ದಂಡಾನೂ ಕಟ್ಟಿದ್ರಂತ. ಡಬ್ಬಿ ಇಳಿಸಿಕೊಂಡು ಬಿಸಿಲಾಗ ಕುಂತಿದ್ರಂತ." ಅವನಿಗೆ ನಿಜಕ್ಕೂ ಕೆಡುಕೆನಿಸಿತ್ತು, ನನ್ನ ಮುಖ ನೋಡಲಾಗದೆ ಕ್ರೇಟಿನ ಅಂಚನ್ನು ಸವರುತ್ತಿದ್ದ. "ಒಬ್ಬರ ಯಾಕ ಮಾಡಾಕ ಹೋದ್ರಿ ಮೇಡಂ? ನಮಗೊಂದು ಮಾತು ಹೇಳಿದ್ರ ಅರ್ಧಾ ಮಾಲು ನಾವು ಹೊರತಿದ್ದಿವಲ್ರಿ."

ಮುಂದಿನ ಸಲ ಹೇಳುತ್ತೇನೆ ಎಂದೆ. ಅವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಖರೇನೂ ಹೇಳಬೇಕು ನೋಡ್ರಿ ಎಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆಯೇ ಗೇಟಿನ ಕಡೆ ಹೊರಟ.